ಹಕ್ಕಿಯ ಹಿಂದಿನ ಹಸಿರು

ಹಕ್ಕಿಯ ಛಾಯಾಚಿತ್ರವನ್ನು ಹೊಗಳುವವರು ಬಹಳಷ್ಟು ಸಲ ಮೊದಲು ಆಡುವ ಮಾತು ‘ಹಿನ್ನೆಲೆ ಎಷ್ಟು ಚೆನ್ನಾಗಿ ಕರಗಿದೆ’ ಎಂಬುದು. ದೊಡ್ಡ ಲೆನ್ಸ್, ಪೂರ್ತಿ ತೆರೆದ ಅಪರ್ಚರ್, ಕೊಂಬೆಯ ತುದಿಗೆ ಒಂದು ಹಕ್ಕಿ, ಅದರ ಹಿಂದೆ ಗೆರೆಯಿಲ್ಲದ, ಕಲೆಯಿಲ್ಲದ ಹಸಿರು. ಇಂಥ ಚಿತ್ರಗಳನ್ನು ನಾನೂ ಇಷ್ಟಪಟ್ಟೇ ತೆಗೆದಿದ್ದೇನೆ, ಈಗಲೂ ತೆಗೆಯುತ್ತೇನೆ. ಆದರೆ ಆ ಹಸಿರು ಯಾವ ಮರದ್ದು, ಹಕ್ಕಿ ಆ ಮರಕ್ಕೇ ಏಕೆ ಬಂತು, ಸುತ್ತ ಇದ್ದದ್ದು ಬಿದಿರು ಮೆಳೆಯೋ ದಟ್ಟ ಕಾನೋ ಎಂದು ಕೇಳಿದರೆ ಚಿತ್ರದಲ್ಲಿ ಉತ್ತರವಿರುವುದಿಲ್ಲ. ಫೆಬ್ರವರಿಯ ಕೊನೆಯಲ್ಲಿ ಉತ್ತರ ಕನ್ನಡದ ಕಾಡು, ಜೌಗು, ಅಳಿವೆಗಳನ್ನು ಗೆಳೆಯರೊಂದಿಗೆ ಸುತ್ತಿ ಬಂದ ಮೇಲೆ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನಾವಿದ್ದದ್ದು ನಾಲ್ವರು. ಒಬ್ಬ ಗೆಳೆಯ ಕ್ಯಾಮೆರಾ ಬಿಟ್ಟು ಒಂದು ಹೆಜ್ಜೆ ಇಡುವವನಲ್ಲ. ಗರಿಯ ಎಳೆ ಎಳೆಯೂ ಕಾಣುವಂತೆ ಹಕ್ಕಿಯನ್ನು ಹತ್ತಿರಕ್ಕೆ ತರುವುದರಲ್ಲಿ ಎತ್ತಿದ ಕೈ. ಇನ್ನೊಬ್ಬನ ಬಳಿ ಹಳೆಯ ಬೈನಾಕ್ಯುಲರ್ ಮತ್ತು ಟಿಪ್ಪಣಿ ಪುಸ್ತಕ ಮಾತ್ರ. ಕೂಗು ಕೇಳಿ ಹಕ್ಕಿ ಹೇಳುವುದರಲ್ಲಿ ಅವನನ್ನು ಮೀರಿಸುವವರನ್ನು ನಾನು ಕಂಡಿಲ್ಲ. ಮೂರನೆಯವಳು ಸಸ್ಯಶಾಸ್ತ್ರ ಕಲಿಸುವ ಗೆಳತಿ. ನಾವು ಮೇಲೆ ನೋಡುವಾಗ ಅವಳು ಕೆಳಗೆ ನೋಡುತ್ತಿದ್ದಳು. ಬಿದ್ದ ಹಣ್ಣು, ಹೂವು, ಬೀಜಗಳನ್ನು ಆಯ್ದು ಅಂಗೈಯಲ್ಲಿ ತಿರುಗಿಸಿ ನೋಡಿ ಮತ್ತೆ ಅಲ್ಲಿಯೇ ಇಡುತ್ತಿದ್ದಳು. ಈ ಪ್ರವಾಸದಲ್ಲಿ ನಾನು ಕಲಿತದ್ದರಲ್ಲಿ ಹೆಚ್ಚಿನ ಪಾಲು ಅವಳಿಂದ.

ಒಂದೇ ಜಿಲ್ಲೆಯೊಳಗೆ ಇಷ್ಟು ಬಗೆಯ ಉಷ್ಣವಲಯದ ನೆಲೆಗಳು ಒತ್ತೊತ್ತಾಗಿ ಸಿಗುವುದು ಅಪರೂಪ. ಪೂರ್ವದ ಹಳಿಯಾಳದ ಕಡೆ ತೇಗ, ಮತ್ತಿ, ನಂದಿ, ಬಿದಿರುಗಳ ಎಲೆ ಉದುರುವ ಕಾಡು. ಪಶ್ಚಿಮಕ್ಕೆ ಸರಿದಂತೆ ಮಳೆ ಹೆಚ್ಚುತ್ತ, ಮರಗಳು ಎತ್ತರವಾಗುತ್ತ, ಕಾಡು ನಿತ್ಯಹರಿದ್ವರ್ಣಕ್ಕೆ ತಿರುಗುತ್ತದೆ. ಘಟ್ಟ ಇಳಿದರೆ ನದಿಗಳು ಕಡಲನ್ನು ಸೇರುವ ಅಳಿವೆಗಳು. ಹೀಗೆ ಇಳಿಯುತ್ತ ಹೋಗುವುದೇ ನಮ್ಮ ಯೋಜನೆಯಾಗಿತ್ತು.

ದಾಂಡೇಲಿಯಲ್ಲಿ ಮೊದಲು ನೋಡಿದ್ದು ಮಂಗಟ್ಟೆಗಳನ್ನು. ಮಂಗಟ್ಟೆ ಎಂದರೆ ಹಾರ್ನ್‌ಬಿಲ್. ಭಾರತದ ಬೂದು ಮಂಗಟ್ಟೆ, ಮಲಬಾರ್ ಬೂದು ಮಂಗಟ್ಟೆ, ಕಪ್ಪು ಬಿಳುಪಿನ ಮಲಬಾರ್ ಮಂಗಟ್ಟೆ, ದೊಡ್ಡ ಮಂಗಟ್ಟೆ, ಈ ನಾಲ್ಕೂ ಜಾತಿಗಳು ಇಲ್ಲಿವೆ. ಕಾಳಿ ನದಿಯ ಆಸುಪಾಸಿನ ಕಾಡನ್ನು 2011ರಲ್ಲಿ ಮಂಗಟ್ಟೆ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದು ಇದೇ ಕಾರಣಕ್ಕೆ. ಪಟ್ಟಣದ ಅಂಚಿನ ಟಿಂಬರ್ ಡಿಪೋದ ಮರಗಳಿಗೆ ಕಪ್ಪು ಬಿಳುಪಿನ ಮಂಗಟ್ಟೆಗಳು ಗುಂಪಾಗಿ ಬರುತ್ತವೆ. ಕೆಳಗೆ ಸಾಲುಸಾಲು ಅಡ್ಡ ಮಲಗಿದ ದಿಮ್ಮಿಗಳು, ಮೇಲೆ ಅತ್ತಿಯ ಹಣ್ಣಿಗಾಗಿ ಗಲಾಟೆ ಮಾಡುವ ಹಕ್ಕಿಗಳು. ಸಂತೋಷದ ಜೊತೆಗೇ ಮನಸ್ಸು ಭಾರವಾಯಿತು. ಮಂಗಟ್ಟೆಗೆ ಸ್ವತಃ ಪೊಟರೆ ಕೊರೆಯಲು ಬರುವುದಿಲ್ಲ. ಕೊಂಬೆ ಮುರಿದ ಜಾಗ ಶಿಲೀಂಧ್ರ ಹಿಡಿದು, ಕೊಳೆತು, ದಶಕಗಳು ಕಳೆದ ಮೇಲೆ ಆಗುವ ಪೊಟರೆಯೇ ಬೇಕು. ಅಂಥ ಪೊಟರೆ ಇರುವುದು ಮುದಿಮರಗಳಲ್ಲಿ. ಮರದ ಬೆಲೆಯನ್ನು ದಿಮ್ಮಿಯ ಅಳತೆಯಲ್ಲಿ ಮಾತ್ರ ನೋಡುವ ಕಣ್ಣಿಗೆ ಪೊಟರೆ ಬಿದ್ದ ಮುದಿಮರ ಕೆಲಸಕ್ಕೆ ಬಾರದ್ದು.

ದೊಡ್ಡ ಮಂಗಟ್ಟೆಯ ಗೂಡು ಸಿಕ್ಕಿದ್ದು ಇನ್ನಷ್ಟು ಪಶ್ಚಿಮಕ್ಕೆ ಹೋದ ಮೇಲೆ. ಸಿಕ್ಕಿದ್ದು ಎನ್ನುವುದಕ್ಕಿಂತ, ಅರಣ್ಯ ಇಲಾಖೆಯ ಕಾವಲುಗಾರರೊಬ್ಬರು ರಸ್ತೆಯಿಂದಲೇ ದೂರಕ್ಕೆ ಕೈ ತೋರಿಸಿದರು ಎನ್ನಬೇಕು. ದೊಡ್ಡದೊಂದು ತಾರೆ ಮರ, ಕಾಂಡದ ಬಹಳ ಎತ್ತರದಲ್ಲಿ ಕಂದು ಬಣ್ಣದ ಒಂದು ತೇಪೆ, ತೇಪೆಯ ನಡುವೆ ಉದ್ದನೆಯ ಸೀಳು. ಒಳಗೆ ಹೆಣ್ಣು. ಮೊಟ್ಟೆಯಿಡುವ ಮೊದಲು ಅದು ಪೊಟರೆಯೊಳಗೆ ಹೊಕ್ಕು, ತನ್ನ ಹಿಕ್ಕೆ ಮತ್ತು ಹಣ್ಣಿನ ಗಸಿಯಿಂದ ಬಾಯನ್ನು ಮುಚ್ಚಿಕೊಳ್ಳುತ್ತದೆ. ಒಳಗಿರುವಾಗಲೇ ಹಾರುವ ಗರಿಗಳನ್ನು ಉದುರಿಸಿ ಹೊಸ ಗರಿ ಬೆಳೆಸಿಕೊಳ್ಳುತ್ತದೆ. ಅಷ್ಟೂ ದಿನ ಅದರ ಬದುಕು ಗಂಡಿನ ಕೊಕ್ಕನ್ನೇ ನಂಬಿಕೊಂಡಿದೆ. ಮರಿ ಅರ್ಧ ಬೆಳೆದ ಮೇಲೆ ತಾಯಿ ಒಡೆದು ಹೊರಬಂದರೆ, ಮರಿ ಒಳಗಿನಿಂದ ಮತ್ತೆ ಬಾಗಿಲು ಮುಚ್ಚಿಕೊಳ್ಳುತ್ತದೆ.

ನಾವು ರಸ್ತೆ ಬಿಟ್ಟು ಇಳಿಯಲಿಲ್ಲ. ತುಂಬ ಹೊತ್ತು ಏನೂ ನಡೆಯಲಿಲ್ಲ. ಆಮೇಲೆ ರೆಕ್ಕೆಯ ಸದ್ದು ಬಂತು. ದೊಡ್ಡ ಮಂಗಟ್ಟೆಯ ರೆಕ್ಕೆಯ ಅಡಿಯಲ್ಲಿ ಹಾರುವ ಗರಿಗಳ ಬುಡ ಮುಚ್ಚುವ ಸಣ್ಣ ಗರಿಗಳು ಕಡಿಮೆ. ಗಾಳಿ ಅವುಗಳ ನಡುವೆ ನುಗ್ಗುವಾಗ ಉಸಿರೆಳೆದಂಥ ಸದ್ದು ಬಹಳ ದೂರಕ್ಕೆ ಕೇಳುತ್ತದೆ. ಗಂಡು ಬಂದು ತೇಪೆಯ ಪಕ್ಕದಲ್ಲಿ ಕಾಂಡಕ್ಕೆ ಆತುಕೊಂಡಿತು. ಬಾಲವನ್ನು ಮರಕ್ಕೆ ಒತ್ತಿ, ಕುತ್ತಿಗೆಯನ್ನು ಒಮ್ಮೆ ಕೊಡವಿತು. ಗಂಟಲಿನಿಂದ ಒಂದು ಅತ್ತಿಹಣ್ಣು ಮೇಲೆ ಬಂದು, ಆ ಭಾರಿ ಕೊಕ್ಕಿನ ತುದಿಯಲ್ಲಿ ನಿಂತಿತು. ಸೀಳಿನಿಂದ ಇನ್ನೊಂದು ಕೊಕ್ಕಿನ ತುದಿ ಬೆರಳಗಲ ಮಾತ್ರ ಹೊರಗೆ ಬಂದು ಹಣ್ಣನ್ನು ಎತ್ತಿಕೊಂಡಿತು. ಮತ್ತೆ ಕುತ್ತಿಗೆ ಕೊಡವುವುದು, ಮತ್ತೊಂದು ಹಣ್ಣು. ಅವಸರವೆಂಬುದೇ ಇಲ್ಲ. ಹೀಗೆ ಒಂದೊಂದಾಗಿ ಕೊಡುತ್ತಿದ್ದವನ ಕೊಕ್ಕಿನಲ್ಲಿ ಕೊನೆಗೆ ಕಂಡದ್ದು ಕಡುಗೆಂಪು ಜಾಲರಿ ಹೊದ್ದ ಬೀಜ. ಸ್ಪಾಟಿಂಗ್ ಸ್ಕೋಪಿಗೆ ಕಣ್ಣಿಟ್ಟಿದ್ದ ಗೆಳತಿ ಅಲ್ಲಿಯೇ ಹೇಳಿದಳು: ‘ಅದು ಜಾಯಿಕಾಯಿಯ ಬಳಗದ ಕಾಡುಮರ ರಾಂಪತ್ರೆಯ ಜಾತಿಯದು. ಈ ಹಕ್ಕಿ ಹರಿದ್ವರ್ಣದ ಕಾನಿನೊಳಗೆ ಹೋಗಿ ಬಂದಿದೆ.’

ನನ್ನ ಮಟ್ಟಿಗೆ ಇಡೀ ಪ್ರವಾಸದ ತಿರುವು ಇದೇ. ನಾನು ಉದ್ದದ ಲೆನ್ಸ್ ಕಳಚಿ ಚಿಕ್ಕದನ್ನು ಹಾಕಿದೆ. ಫ್ರೇಮಿನೊಳಗೆ ಇಡೀ ತಾರೆ ಮರ ಬಂತು, ಬುಡದಿಂದ ನೆತ್ತಿಯವರೆಗೆ. ಅದರ ಸುತ್ತಲಿನ ಕಿರಿಯ ಮರಗಳೂ ಬಂದವು. ಹಕ್ಕಿ ಹುಡುಕಿದರೆ ಕಾಣುವಷ್ಟು ಸಣ್ಣದಾಯಿತು. ಕ್ಯಾಮೆರಾ ಗೆಳೆಯ ಪರದೆಯಲ್ಲಿ ನೋಡಿ, ‘ಇದರಲ್ಲಿ ಹಕ್ಕಿ ಎಲ್ಲಿದೆ?’ ಎಂದ. ನನಗೆ ಬೇಕಾಗಿದ್ದದ್ದು ಆ ಪ್ರಶ್ನೆಯೇ. ಗೂಡು ಕಟ್ಟಲು ಒಂದೇ ಜೋಡಿ ವರ್ಷ ವರ್ಷವೂ ಅದೇ ಪೊಟರೆಗೆ ಮರಳುವುದುಂಟು. ಆ ಮರ ಉರುಳಿದರೆ ಹಕ್ಕಿಗೆ ಬದಲಿ ಮನೆ ಸುಲಭಕ್ಕೆ ಸಿಗುವುದಿಲ್ಲ. ಆ ದಿನ ಅಲ್ಲಿದ್ದವುಗಳಲ್ಲಿ ಹಕ್ಕಿಗಿಂತ ಅಪರೂಪವಾದದ್ದು ಆ ಮರ.

ಗಣೇಶಗುಡಿಯಲ್ಲಿ, ಕಾಳಿಗೆ ಅಡ್ಡಲಾಗಿ ಕಟ್ಟಿದ ಸೂಪಾ ಅಣೆಕಟ್ಟಿನ ಹತ್ತಿರ, ಹಕ್ಕಿಗಳಿಗೆಂದು ಸಣ್ಣ ನೀರಿನ ತಾಣಗಳನ್ನು ಮಾಡಿ ಎದುರಿಗೆ ಮರೆ ಕಟ್ಟಿದ ಜಾಗಗಳಿವೆ. ಮಧ್ಯಾಹ್ನ ಇಳಿದ ಮೇಲೆ ಅಲ್ಲಿ ಕೂತರೆ ಒಂದರ ಹಿಂದೊಂದು ಹಕ್ಕಿ ಬಂದು ಮಿಂದು ಹೋಗುತ್ತವೆ: ಕತ್ತಿನಲ್ಲಿ ಕೆಂಡದ ಬಣ್ಣವಿರುವ ಪಿಕಳಾರ, ಶಾಮಾ, ಕಿತ್ತಳೆ ತಲೆಯ ನೆಲಸಿಳ್ಳಾರ, ಉದ್ದ ಬಾಲದ ರಾಜಹಕ್ಕಿ, ಹಿಮಾಲಯದಲ್ಲಿ ಮರಿ ಮಾಡಿ ಚಳಿಗಾಲಕ್ಕೆ ನಮ್ಮ ಘಟ್ಟಗಳಿಗೆ ಇಳಿಯುವ ನೀಲಿತಲೆಯ ಬಂಡೆಸಿಳ್ಳಾರ. ಕ್ಯಾಮೆರಾ ಗೆಳೆಯನಿಗೆ ಅದು ಹಬ್ಬ. ಮರೆಯಲ್ಲಿ ಕೂರುವುದನ್ನು ನಾನು ಹಗುರವಾಗಿ ಕಾಣುವವನಲ್ಲ. ಹತ್ತಾರು ಜನ ಹಕ್ಕಿಯ ಬೆನ್ನು ಹತ್ತಿ ಕಾಡು ತುಳಿಯುವುದಕ್ಕಿಂತ ಒಂದೆಡೆ ಸುಮ್ಮನೆ ಕೂರುವುದು ಹಕ್ಕಿಗೂ ಕಾಡಿಗೂ ಎಷ್ಟೋ ವಾಸಿ. ಆದರೂ ಅಲ್ಲಿ ತೆಗೆದ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ಕೊಂಬೆ ಒಂದೇ, ಬೆಳಕು ಒಂದೇ, ಹಿನ್ನೆಲೆಯೂ ಒಂದೇ. ನೆಲದಲ್ಲಿ ತರಗೆಲೆ ಕೆದಕುವ ಹಕ್ಕಿ, ಮರದ ನೆತ್ತಿಯಲ್ಲಿ ಬದುಕುವ ಹಕ್ಕಿ, ಎರಡೂ ಒಂದೇ ಮನೆಯವೆಂಬಂತೆ ಕಾಣುತ್ತವೆ.

ಆ ಹಕ್ಕಿಗಳು ನಿಜವಾಗಿ ಹೇಗೆ ಬದುಕುತ್ತವೆ ಎಂದು ಕಂಡದ್ದು ಮರುದಿನ ಬೆಳಗ್ಗೆ ಕಾಡಿನೊಳಗಿನ ದಾರಿಯಲ್ಲಿ. ಬಹಳ ಹೊತ್ತು ಒಂದೂ ಹಕ್ಕಿಯಿಲ್ಲ. ಉಷ್ಣವಲಯದ ದಟ್ಟ ಕಾಡಿನ ಸ್ವಭಾವವೇ ಇದು, ಹೊಸಬರಿಗೆ ಬೇಸರ ಬರುವುದೂ ಇಲ್ಲಿಯೇ. ಟಿಪ್ಪಣಿ ಪುಸ್ತಕದ ಗೆಳೆಯ ಇದ್ದಕ್ಕಿದ್ದಂತೆ ಕೈ ಎತ್ತಿ ನಿಲ್ಲಿಸಿದ. ಅವನಿಗೆ ಕೇಳಿಸಿದ್ದು ಭೀಮರಾಜನ ಕೂಗು. ಬೇರೆ ಹಕ್ಕಿಗಳ ಕೂಗನ್ನು ತನ್ನದಾಗಿಸಿಕೊಂಡು ಹಾಡುವ ಭೀಮರಾಜ ಒಂದೇ ಇರುವುದು ಕಡಿಮೆ. ನೋಡನೋಡುತ್ತಿದ್ದಂತೆ ನಮ್ಮ ಸುತ್ತ ಎಲೆಗಳೇ ಎದ್ದು ಓಡಾಡತೊಡಗಿದವು. ಕೆಳಗಿನ ಪೊದೆಯಲ್ಲಿ ಕಂದು ಕೆನ್ನೆಯ ಫುಲ್ವೆಟ್ಟಾಗಳು, ಅದಕ್ಕೂ ಮೇಲೆ ಹಳದಿ ಹುಬ್ಬಿನ ಪಿಕಳಾರ, ಕಾಂಡದಲ್ಲಿ ತಲೆಕೆಳಗಾಗಿ ಇಳಿಯುವ ನಟ್‌ಹ್ಯಾಚ್, ಬೆನ್ನಿನಲ್ಲಿ ಹೃದಯದ ಆಕಾರದ ಮಚ್ಚೆಗಳಿರುವ ಪುಟ್ಟ ಮರಕುಟಿಗ, ನೆತ್ತಿಯಲ್ಲಿ ಕಿತ್ತಳೆ ಬಣ್ಣದ ಮಿನಿವೆಟ್‌ಗಳು. ಇದು ಬೇರೆ ಬೇರೆ ಜಾತಿಯ ಹಕ್ಕಿಗಳು ಕೂಡಿ ಬೇಟೆಯಾಡುವ ಗುಂಪು. ಒಂದು ಎಲೆ ಕೆದಕಿದರೆ ಎದ್ದ ಹುಳು ಇನ್ನೊಂದಕ್ಕೆ. ಭೀಮರಾಜ ಮೇಲೆ ಕೂತು ಗಿಡುಗ ಬಂದರೆ ಎಚ್ಚರಿಸುತ್ತದೆ, ಅವಕಾಶ ಸಿಕ್ಕರೆ ಬೇರೆಯವರ ಬಾಯಿಯ ಹುಳುವನ್ನೂ ಕಸಿಯುತ್ತದೆ. ಕೆಲವೇ ನಿಮಿಷಗಳಲ್ಲಿ ಗುಂಪು ಮುಂದೆ ಸಾಗಿತು, ಕಾಡು ಮತ್ತೆ ಖಾಲಿಯಾಯಿತು. ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟವಾದ ಐಎಸ್‌ಒವನ್ನು 3200ಕ್ಕೆ ಏರಿಸಿದರೂ ಶಟರ್ ಸೆಕೆಂಡಿನ ಅರವತ್ತನೇ ಒಂದು ಭಾಗಕ್ಕಿಂತ ಮೇಲೇಳದ ಬೆಳಕು. ಇಡೀ ಗುಂಪಿನ ಒಂದು ಚಿತ್ರವೂ ನಮ್ಮಲ್ಲಿ ಯಾರ ಬಳಿಯೂ ಇಲ್ಲ. ಟಿಪ್ಪಣಿ ಪುಸ್ತಕದಲ್ಲಿ ಮಾತ್ರ ಯಾವ ಹಕ್ಕಿ ಯಾವ ಎತ್ತರದಲ್ಲಿತ್ತು ಎಂಬುದು ಸಾಲಾಗಿ ದಾಖಲಾಗಿತ್ತು.

ಅದೇ ದಾರಿಯಲ್ಲಿ ಮನಸ್ಸು ಕಹಿಯಾದ ಒಂದು ಪ್ರಸಂಗವನ್ನೂ ಹೇಳಬೇಕು. ಮುಂದೆ ಹೋಗುತ್ತಿದ್ದ ಒಂದು ತಂಡದವರು ಮೊಬೈಲಿನಲ್ಲಿ ಮಲಬಾರ್ ಟ್ರೋಗನ್ನಿನ ಕೂಗನ್ನು ಮತ್ತೆ ಮತ್ತೆ ಹಾಕುತ್ತಿದ್ದರು. ಕೆಂಪು ಎದೆಯ ಗಂಡು ಹಾರಿ ಬಂದು, ಇಲ್ಲದ ಎದುರಾಳಿಗಾಗಿ ಕೊಂಬೆಯಿಂದ ಕೊಂಬೆಗೆ ಅಲೆಯಿತು. ಅದು ಜೋಡಿಯಾಗಿ ಗೂಡು ಮಾಡುವ ಕಾಲ. ಮೇವು, ಗೂಡು, ಸಂಗಾತಿಯನ್ನು ಬಿಟ್ಟು ಧ್ವನಿವರ್ಧಕದ ಜೊತೆ ಜಗಳವಾಡುತ್ತ ಕಳೆದ ಪ್ರತಿ ನಿಮಿಷವೂ ಅದಕ್ಕೆ ನಷ್ಟವೇ. ನಿಲ್ಲಿಸಿ ಎಂದು ನಮ್ಮ ಗೆಳತಿ ನೇರವಾಗಿಯೇ ಹೇಳಿದಳು, ನಿಲ್ಲಿಸಿದರು. ಇಂಥಲ್ಲಿ ಸಂಕೋಚಪಟ್ಟು ಸುಮ್ಮನಿರುವುದು ನನಗೆ ಒಪ್ಪಿಗೆಯಿಲ್ಲ.

ಕಪ್ಪೆಬಾಯಿ ಹಕ್ಕಿಯ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಬೂದು ಗಂಡು, ಕಂದು ಹೆಣ್ಣು, ಎರಡೂ ಒಣಗಿದ ಎಲೆಗಳ ನಡುವೆ ಮೈಗೆ ಮೈ ತಾಗಿಸಿ ಹಗಲಿಡೀ ಕೂತಿರುತ್ತವೆ. ಹತ್ತಿರದಿಂದ ತೆಗೆದ ಚಿತ್ರದಲ್ಲಿ ಅದೊಂದು ವಿಚಿತ್ರ ಮುಖದ ಹಕ್ಕಿ, ಅಷ್ಟೆ. ದೂರದಿಂದ ತೆಗೆದದ್ದರಲ್ಲಿ ಹಕ್ಕಿಯೇ ಇಲ್ಲವೇನೋ ಎನ್ನಿಸುತ್ತದೆ. ಆ ಹಕ್ಕಿಯ ಜಾಣ್ಮೆಯೆಲ್ಲ ಇರುವುದು ಎರಡನೆಯ ಚಿತ್ರದಲ್ಲಿ.

ಅಲ್ಲಿಂದ ದಕ್ಷಿಣಕ್ಕೆ ಇಳಿದು ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿಗೆ ಹೋದೆವು. ರಾಂಪತ್ರೆಯ ಬೀಜವನ್ನು ಮಂಗಟ್ಟೆಯ ಕೊಕ್ಕಿನಲ್ಲಿ ನೋಡಿದ ಮೇಲೆ ಆ ಮರಗಳ ನೆಲೆಯನ್ನು ನೋಡದೆ ಮರಳುವಂತಿರಲಿಲ್ಲ. ಹೊನ್ನಾವರಕ್ಕೆ ಇಳಿಯುವ ಘಟ್ಟದ ರಸ್ತೆಯ ಬದಿಯಲ್ಲೇ ಇರುವ ಈ ಕಾಡಿನಲ್ಲಿ ರಾಂಪತ್ರೆ ಜಡ್ಡಿಗಳು ಉಳಿದುಕೊಂಡಿವೆ. ಜಡ್ಡಿ ಎಂದರೆ ವರ್ಷವಿಡೀ ನೀರು ಜಿನುಗುವ ಕಣಿವೆಯ ತಗ್ಗು. ಅಲ್ಲಿನ ಮಣ್ಣಿನಲ್ಲಿ ಗಾಳಿಯಾಡುವುದಿಲ್ಲ, ಬೇರಿಗೆ ಉಸಿರು ಸಿಗುವುದಿಲ್ಲ. ಅದಕ್ಕೆಂದೇ ಇಲ್ಲಿನ ಮರಗಳು ಬೇರನ್ನು ನೆಲದಿಂದ ಮೇಲಕ್ಕೆತ್ತಿ, ಮಂಡಿ ಮಡಿಸಿದ ಹಾಗೆ ಬಾಗಿಸಿ, ಮತ್ತೆ ಕೆಸರಿಗೆ ಇಳಿಸುತ್ತವೆ. ಕೆಲವು ಮರಗಳ ಕಾಂಡದಿಂದಲೇ ಊರುಗೋಲಿನಂಥ ಬೇರುಗಳು ಇಳಿದಿವೆ. ಕಾಲಿಡಲು ಜಾಗವಿಲ್ಲದಷ್ಟು ಮಂಡಿಬೇರು. ನಾವು ಅಂಚಿನಲ್ಲಿಯೇ ನಿಂತೆವು.

ಗೆಳತಿಗೆ ಇಲ್ಲಿ ಮಾತು ನಿಲ್ಲಲಿಲ್ಲ. ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರವನ್ನು ವಿಜ್ಞಾನ ಮೊದಲು ವಿವರಿಸಿದ್ದು 2000ದಲ್ಲಿ, ಈ ಕಾನಿನ ಹೆಸರನ್ನೇ ಇಟ್ಟು. ಅಷ್ಟು ದೊಡ್ಡ ಮರವೊಂದು ಹೆದ್ದಾರಿಯ ಮಗ್ಗುಲಲ್ಲಿ ಅಷ್ಟು ಕಾಲ ಹೆಸರಿಲ್ಲದೆ ನಿಂತಿತ್ತು ಎಂದರೆ ಇನ್ನೇನೇನು ನಮ್ಮ ಕಣ್ಣಿಗೆ ಬೀಳದೆ ಹೋಯಿತೋ ಎಂದು ಅವಳು ಕೇಳಿದಳು. ಇಂಥ ಜಡ್ಡಿಗಳಲ್ಲಿ ಎಷ್ಟೋ ಈಗಾಗಲೇ ಗದ್ದೆ, ಅಡಿಕೆ ತೋಟಗಳಾಗಿವೆ. ಬೇಸಿಗೆಯಲ್ಲೂ ನೀರಿರುವ ತಗ್ಗು ಬೇಸಾಯಗಾರನಿಗೂ ಬೇಕಾದದ್ದೇ. ಉಳಿದಿರುವ ತುಂಡುಗಳ ಭವಿಷ್ಯ ಹಕ್ಕಿಗಳ ಮೇಲೂ ನಿಂತಿದೆ. ರಾಂಪತ್ರೆ ಜಾತಿಯ ದೊಡ್ಡ ಬೀಜವನ್ನು ಇಡಿಯಾಗಿ ನುಂಗಿ, ದೂರ ಒಯ್ದು ಉಗುಳುವಷ್ಟು ಬಾಯಿ ಅಗಲವಿರುವುದು ಮಂಗಟ್ಟೆ, ದೊಡ್ಡ ಕಾಡುಪಾರಿವಾಳಗಳಂಥ ಕೆಲವೇ ಹಕ್ಕಿಗಳಿಗೆ.

ಅಲ್ಲಿ ಕಣ್ಣಿಗೆ ಬಿದ್ದ ಹಕ್ಕಿಗಳು ಕಡಿಮೆ. ಸರಳೆ ಸಿಳ್ಳಾರ ತೊರೆಯ ಬದಿಯಲ್ಲೆಲ್ಲೋ ಸಿಳ್ಳೆ ಹಾಕುತ್ತಿತ್ತು, ದಿಕ್ಕು ತಪ್ಪಿದ ಮನುಷ್ಯ ರಾಗ ಎಳೆಯುತ್ತಿರುವಂತೆ. ಮೇಲಿನ ಕೊಂಬೆಗಳಲ್ಲಿ ಒಂದು ಸಿಂಗಳೀಕದ ಗುಂಪು ಬಂದು, ನಮ್ಮನ್ನು ಗಮನಿಸಿ, ತನ್ನ ಪಾಡಿಗೆ ಮುಂದೆ ಸಾಗಿತು. ಸಿಂಹಬಾಲದ ಈ ಸಿಂಗಳೀಕಗಳ ನೆಲೆಯ ಉತ್ತರದ ತುದಿ ಈ ಆಸುಪಾಸಿನ ಕಾಡುಗಳೇ. ನಾನು ಅಲ್ಲಿ ಒಂದು ಹಕ್ಕಿಯ ಚಿತ್ರವನ್ನೂ ತೆಗೆಯಲಿಲ್ಲ. ಬೇರು, ನೀರು, ನೀರಿನಲ್ಲಿ ಬಿದ್ದ ಒಂದು ಕೆಂಪು ಪತ್ರೆಯ ಬೀಜ, ಇಷ್ಟನ್ನು ಟ್ರೈಪಾಡ್ ಮೇಲೆ ನಿಧಾನವಾಗಿ ತೆಗೆದೆ. ಮಂಗಟ್ಟೆಯ ಬಗ್ಗೆ ನಾನು ತೆಗೆದ ಎರಡನೆಯ ಚಿತ್ರ ಅದು ಎಂದೇ ಲೆಕ್ಕ.

ಕೊನೆಯ ತಾಣ ಅಘನಾಶಿನಿಯ ಅಳಿವೆ. ಕಾಳಿಗೆ ಸೂಪಾದಿಂದ ಕದ್ರಾದವರೆಗೆ ಅಣೆಕಟ್ಟುಗಳ ಸಾಲೇ ಇದೆ, ಶರಾವತಿಗೆ ಲಿಂಗನಮಕ್ಕಿ. ಅಘನಾಶಿನಿ ಮಾತ್ರ ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಅಣೆಕಟ್ಟಿಗೆ ಸಿಕ್ಕದೆ ಕುಮಟಾದ ಬಳಿ ಕಡಲು ಸೇರುತ್ತದೆ. ಹೊಳೆ ತರುವ ಸಿಹಿನೀರು, ಹೂಳು, ಕಡಲಿನ ಉಪ್ಪು, ಮೂರೂ ತಮ್ಮ ತಮ್ಮ ಕಾಲಕ್ಕೆ ಬಂದು ಸೇರುವುದರಿಂದಲೇ ಅಲ್ಲಿನ ಕೆಸರಿನಲ್ಲಿ ಅಷ್ಟು ಜೀವ. 4,801 ಹೆಕ್ಟೇರಿನ ಈ ಅಳಿವೆಗೆ 2024ರಲ್ಲಿ ರಾಮ್ಸಾರ್ ತಾಣದ, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶದ ಮನ್ನಣೆ ಸಿಕ್ಕಿತು. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ ಕೆಸರಿನಿಂದ ಪೆನ್ಸಿಲಿನುದ್ದಕ್ಕೆ ಎದ್ದ ಉಸಿರುಬೇರುಗಳನ್ನು ಕಂಡ ಗೆಳತಿ ದೋಣಿಯ ಅಂಚಿನಿಂದ ಬಗ್ಗಿ, ಕತ್ತಲೆಕಾನಿನ ಮಂಡಿಬೇರುಗಳನ್ನು ನೆನಪಿಸಿದಳು. ಘಟ್ಟದ ಮೇಲೆ ಸಿಹಿನೀರಿನಲ್ಲಿ ನಿಂತ ಮರ, ಕಡಲಂಚಿನಲ್ಲಿ ಉಪ್ಪುನೀರಿನಲ್ಲಿ ನಿಂತ ಗಿಡ, ಎರಡಕ್ಕೂ ನಂಟಸ್ತಿಕೆಯಿಲ್ಲ. ಉಸಿರು ಕಟ್ಟಿದಾಗ ಎರಡೂ ಕಂಡುಕೊಂಡ ಉಪಾಯ ಒಂದೇ ಬಗೆಯದು.

ಇಳಿತದ ಹೊತ್ತು. ಬಯಲಾದ ಕೆಸರಿನ ಮೇಲೆ ನೂರಾರು ಗೊರವಗಳು, ಎಂದರೆ ಪ್ಲೋವರ್ ಹಕ್ಕಿಗಳು, ಚದುರಿದ್ದವು. ಒಂದನ್ನೇ ಗಮನಿಸುತ್ತ ಹೋದೆ: ನಾಲ್ಕು ಹೆಜ್ಜೆ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ತಲೆ ವಾಲಿಸಿ ನೆಲವನ್ನು ದಿಟ್ಟಿಸುತ್ತದೆ, ಒಂದೇ ಕುಟುಕು, ಕೊಕ್ಕಿನಲ್ಲಿ ರಬ್ಬರಿನಂತೆ ಹಿಗ್ಗುವ ಹುಳು. ಮೋಟು ಕೊಕ್ಕಿನ ಈ ಹಕ್ಕಿಗಳು ಕಣ್ಣಿನಿಂದ ಬೇಟೆಯಾಡುತ್ತವೆ. ಪಕ್ಕದಲ್ಲೇ ಬಾಗಿದ ಉದ್ದ ಕೊಕ್ಕಿನ ವಿಂಬ್ರೆಲ್ ಏಡಿಯ ಬಿಲಕ್ಕೆ ಕೊಕ್ಕಿಳಿಸಿ ತಡಕುತ್ತಿತ್ತು. ಕೊಕ್ಕಿನ ಉದ್ದ ಬೇರೆ, ತಲುಪುವ ಆಳ ಬೇರೆ, ಸಿಗುವ ಆಹಾರ ಬೇರೆ. ಹಾಗಾಗಿ ಅಷ್ಟು ಹಕ್ಕಿಗಳಿಗೂ ಅದೇ ಕೆಸರು ಸಾಲುತ್ತದೆ. ಕಾಂಡ್ಲಾದ ಕೊಂಬೆಯಲ್ಲಿ ಕರಿತಲೆಯ ಮಿಂಚುಳ್ಳಿ, ಆಕಾಶದಲ್ಲಿ ಗರುಡಗಳು, ಅವುಗಳಿಗಿಂತ ಮೇಲೆ ಬಿಳಿ ಹೊಟ್ಟೆಯ ಕಡಲ ಹದ್ದು.

ಈ ಅಳಿವೆಯಲ್ಲಿ ನನ್ನ ವಾದಕ್ಕೆ ತಕ್ಕ ಎದುರುವಾದ ಸಿಕ್ಕಿತು. ಉಬ್ಬರ ಏರಿದಂತೆ ಹಕ್ಕಿಗಳು ಹಿಂದೆ ಹಿಂದೆ ಸರಿದು ಉಪ್ಪುನೀರು ನುಗ್ಗುವ ತಗ್ಗಿನ ಗಜನಿ ಗದ್ದೆಗಳ ಒಡ್ಡಿನ ಮೇಲೆ ಸಾಲಾಗಿ ಕೂತವು. ನನ್ನ ಅಗಲದ ಚಿತ್ರದಲ್ಲಿ ಅಳಿವೆ, ಒಡ್ಡು, ಉಬ್ಬರ ಎಲ್ಲ ಸೊಗಸಾಗಿ ಬಂದಿದ್ದವು. ಕೂತ ಹಕ್ಕಿಗಳು ಯಾವುವು ಎಂದು ಮಾತ್ರ ಹೇಳಲಾಗುತ್ತಿರಲಿಲ್ಲ. ಮರಳುಗೊರವಗಳಲ್ಲಿ ದೊಡ್ಡದು ಯಾವುದು, ಚಿಕ್ಕದು ಯಾವುದು ಎಂಬುದನ್ನು ಕೊಕ್ಕಿನ ಉದ್ದ, ಕಾಲಿನ ಬಣ್ಣ ನೋಡಿಯೇ ತೀರ್ಮಾನಿಸಬೇಕು. ಆ ಚಿಕ್ಕದನ್ನೂ ಈಚೆಗೆ ಟಿಬೆಟಿನದು, ಸೈಬೀರಿಯಾದ್ದು ಎಂದು ಎರಡು ಪ್ರಭೇದಗಳಾಗಿ ಬೇರ್ಪಡಿಸಿದ್ದಾರೆ. ಟಿಪ್ಪಣಿ ಪುಸ್ತಕದ ಗೆಳೆಯನಿಗೆ ನೆರವಾದದ್ದು ಕ್ಯಾಮೆರಾ ಗೆಳೆಯನ ಹತ್ತಿರದ ಚಿತ್ರಗಳೇ. ಗರಿ ಗರಿಯೂ ಕಾಣುವ ಆ ಚಿತ್ರಗಳಿಲ್ಲದಿದ್ದರೆ ಆ ದಿನದ ಪಟ್ಟಿ ಅರ್ಧಕ್ಕೆ ನಿಲ್ಲುತ್ತಿತ್ತು. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಹತ್ತಿರದ ಚಿತ್ರ ಹಕ್ಕಿ ಯಾರೆಂದು ಹೇಳುತ್ತದೆ. ಅದು ಇಲ್ಲಿ ಏಕಿದೆ ಎಂದು ತಿಳಿಯಲು ಎರಡನೆಯ ಚಿತ್ರವೂ ಬೇಕು. ಇಷ್ಟೇ ನನ್ನ ಹಟ.

ಊರಿಗೆ ಮರಳಿದ ಮೇಲೆ ನಾವು ನಾಲ್ವರೂ ಒಂದು ಒಪ್ಪಂದಕ್ಕೆ ಬಂದೆವು. ಚಿತ್ರ ಹಂಚಿಕೊಳ್ಳುವಾಗ ಹಕ್ಕಿಯ ಹೆಸರಿನ ಜೊತೆಗೆ ಅದು ಕೂತ ಮರದ ಹೆಸರು, ಅದು ತಿನ್ನುತ್ತಿದ್ದದ್ದು, ಅಳಿವೆಯಾದರೆ ಉಬ್ಬರವೋ ಇಳಿತವೋ ಎಂಬುದನ್ನೂ ಬರೆಯಬೇಕು. ಗೂಡಿದ್ದ ಜಾಗವನ್ನು ಮಾತ್ರ ಯಾರಿಗೂ ಹೇಳಕೂಡದು. ಈ ಬರಹದಲ್ಲೂ ಅದು ಇಲ್ಲ. ಕ್ಯಾಮೆರಾ ಗೆಳೆಯ ಈ ಒಪ್ಪಂದವನ್ನು ನಮಗಿಂತ ಗಟ್ಟಿಯಾಗಿ ಹಿಡಿದಿದ್ದಾನೆ. ತನ್ನ ಹಳೆಯ ಚಿತ್ರಗಳನ್ನೆಲ್ಲ ಹೊರತೆಗೆದು, ಒಂದೊಂದಾಗಿ ಗೆಳತಿಗೆ ಕಳುಹಿಸಿ, ಹಕ್ಕಿ ಕೂತ ಮರ ಯಾವುದೆಂದು ಕೇಳುತ್ತಿದ್ದಾನೆ. ಎಲೆಯೋ ತೊಗಟೆಯೋ ಕಾಣುವಲ್ಲೆಲ್ಲ ಅವಳು ಉತ್ತರ ಬರೆಯುತ್ತಾಳೆ. ಹಿನ್ನೆಲೆ ಪೂರ್ತಿ ಕರಗಿಹೋದ ಚಿತ್ರಗಳಿಗೆ ಉತ್ತರ ಬಂದಿಲ್ಲ. ಅಂಥವನ್ನು ಅವನು ಬೇರೆಯಾಗಿ ತೆಗೆದಿಟ್ಟು, ಯಾವುದನ್ನು ಎಲ್ಲಿ ತೆಗೆದದ್ದೆಂದು ನೆನಪಿಸಿಕೊಂಡು ಊರಿನ ಹೆಸರು ಬರೆಯುತ್ತಿದ್ದಾನೆ. ಆ ಮರಗಳನ್ನು ಹುಡುಕಿಕೊಂಡು ಹೋಗೋಣ ಎನ್ನುತ್ತಿದ್ದಾನೆ.